ಮೂರನೇ ಲೈನಿನ ತುಂಬಿದ ಬಾಟಲಿಗಳು

ಜೂನ್ 10, ಮಂಗಳವಾರ

ಇವತ್ತೂ ಮೂವರು. ಮೂವರಿಗೂ ಉರಿಮೂತ್ರ. ಮಾತ್ರೆ ಕೊಟ್ಟೆ. 'ನೀರು ಜಾಸ್ತಿ ಕುಡೀರಮ್ಮ' ಅಂದೆ. 'ಸರಿ ಸಿಸ್ಟರ್' ಅಂದರು. ಹೋದರು.

ತಿಂಗಳು ಶುರುವಾಗಿ ಹತ್ತೇ ದಿನ, ಹತ್ತೊಂಬತ್ತು ಕೇಸು. ಅದರಲ್ಲಿ ಹನ್ನೊಂದು ಫ್ಯಾಕ್ಟರಿಯ ಮೂರನೇ ಲೈನಿನವೇ. ಆ ಲೈನಿನಲ್ಲಿ ಇರುವುದು ನಲವತ್ತು ಜನ ಹೆಣ್ಣುಮಕ್ಕಳು, ಕಾರುಗಳಿಗೆ ವಯರಿಂಗ್ ಕಟ್ಟುವವರು. ಹೀಗಾದರೆ ಹೇಗೆ?

ಹೊಸ ಪೋಸ್ಟರ್ ಬಂತು. ನಾನೇ ಹೇಳಿ ಮಾಡಿಸಿದ್ದು. ನೀಲಿ ಬಣ್ಣ, ದೊಡ್ಡ ನೀರಿನ ಹನಿ, 'ದಿನಕ್ಕೆ ಮೂರು ಲೀಟರ್' ಅಂತ ತಮಿಳಿನಲ್ಲಿ, ತಮಿಳುನಾಡಿನ ಫ್ಯಾಕ್ಟರಿ ಅಲ್ಲವೇ. ಕ್ಯಾಂಟೀನ್ ಗೋಡೆಗೆ ಅಂಟಿಸಿ ದೂರ ನಿಂತು ನೋಡಿದೆ. ಚೆನ್ನಾಗಿದೆ. ಒಬ್ಬಳೂ ತಲೆಯೆತ್ತಲಿಲ್ಲ. ಒಬ್ಬಳಂತೂ ಅದಕ್ಕೇ ಒರಗಿ ಕೂತು ಊಟ ಮುಗಿಸಿದಳು.

ಶನಿವಾರ ಕೃಷ್ಣಗಿರಿಯಲ್ಲಿ ಟ್ರೈನಿಂಗ್ ಅಂತೆ. ಎಚ್‌ಆರ್ ಶ್ರೀನಿವಾಸ್ ಸರ್ ನನ್ನನ್ನು ಕೇಳದೇ ಹೆಸರು ಕೊಟ್ಟಿದ್ದಾರೆ. ಆಡಿಟ್‌ಗೆ ಸರ್ಟಿಫಿಕೇಟ್ ಬೇಕಂತೆ. ಎರಡು ತಿಂಗಳ ಶನಿವಾರಗಳು ಹೋದವು.

ಜೂನ್ 14, ಶನಿವಾರ

ಬಾಗಲೂರಿನಿಂದ ಆರೂವರೆ ಬಸ್ಸು. ಹೊಸೂರಿನಲ್ಲಿ ಬದಲಾಯಿಸಿ ಕೃಷ್ಣಗಿರಿಯವರೆಗೂ ತೂಕಡಿಸಿಕೊಂಡೇ ಹೋದೆ. ಬರುವಾಗ ಒಂದು ನಿಮಿಷ ಕಣ್ಣು ಮುಚ್ಚಲಿಲ್ಲ!

ಕ್ಲಾಸಿನಲ್ಲಿ ಇಪ್ಪತ್ತು ಜನ, ನರ್ಸ್‌ಗಳು, ಹೆಲ್ತ್ ಇನ್‌ಸ್ಪೆಕ್ಟರ್‌ಗಳು. ಪಾಠ ಮಾಡುವವರು ಮುರಳಿಕೃಷ್ಣ ಸರ್. ಡಾಕ್ಟರ್ ಅಲ್ಲ. ಜನ ಯಾಕೆ ಹೀಗೆ ಮಾಡುತ್ತಾರೆ, ಯಾಕೆ ಮಾಡುವುದಿಲ್ಲ — ಅದನ್ನೇ ಓದಿದವರು. ಪಾಠ ತಮಿಳಿನಲ್ಲಿ, ತಮಾಷೆ ತೆಲುಗಿನಲ್ಲಿ, ನಮ್ಮ ಕಡೆಯವರು ಸಿಕ್ಕರೆ ಕನ್ನಡ. 'ಈ ವಿಷಯದಲ್ಲಿ ಬೇಕಾದಷ್ಟು ಸಂಶೋಧನೆ ಆಗಿದೆ, ಎಲ್ಲ ಪುಸ್ತಕದಲ್ಲೇ ಕೂತಿದೆ. ಅದನ್ನ ನಿಮ್ಮ ಮಾತ್ರೆ ಡಬ್ಬದ ಪಕ್ಕಕ್ಕೆ ತಂದಿಡೋದೇ ನಮ್ಮ ಕೆಲಸ' ಅಂದರು.

ನಾನು ಹೆಮ್ಮೆಯಿಂದ ಪೋಸ್ಟರಿನ ಫೋಟೋ ತೋರಿಸಿದೆ.

'ಚೆನ್ನಾಗಿದೆ ರಮಾದೇವಿ. ನೀರು ಕುಡಿದ್ರೆ ಒಳ್ಳೇದು ಅಂತ ಗೊತ್ತಿಲ್ಲದೋರು ನಿಮ್ಮ ಫ್ಯಾಕ್ಟರೀಲಿ ಎಷ್ಟು ಜನ ಇದ್ದಾರೆ?'

ಯೋಚಿಸಿದೆ. 'ಯಾರೂ ಇಲ್ಲ ಸರ್.'

'ಹಾಗಾದ್ರೆ ಇದು ಯಾರಿಗೆ?'

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಹೊಳೆಯಿತು. ಮೂರು ವರ್ಷದಿಂದ ಗೊತ್ತಿರುವವರಿಗೇ ಗೊತ್ತಿರುವುದನ್ನೇ ಹೇಳುತ್ತಾ ಬಂದಿದ್ದೇನೆ.

ಹೋಂವರ್ಕ್: ಒಂದು ವಾರ ಯಾರಿಗೂ ಬುದ್ಧಿ ಹೇಳಬಾರದು. ಬರೀ ನೋಡಬೇಕು, ಬರೆದುಕೊಳ್ಳಬೇಕು. ಹೊಸ ನೋಟ್‌ಬುಕ್ ತಗೊಂಡೆ. ಸೋಮವಾರ ಯಾವಾಗ ಬರುತ್ತೋ!

ಜೂನ್ 17, ಮಂಗಳವಾರ

ನಿನ್ನೆ ಇವತ್ತು ಎರಡೂ ದಿನ ಮೂರನೇ ಲೈನಿನ ತುದಿಯಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಲೈನ್ ಲೀಡರ್ ಮುನೀಶ್ ಗಾಬರಿ. 'ಏನ್ ಸಿಸ್ಟರ್, ಇನ್‌ಸ್ಪೆಕ್ಷನ್ನಾ?' ಕೆಟ್ಟವನಲ್ಲ. ಟಾರ್ಗೆಟ್ ಅಂದರೆ ಬೆವರುತ್ತಾನೆ, ಅಷ್ಟೆ.

ನೋಡಿದ್ದು: ನಲವತ್ತು ನೀರಿನ ಬಾಟಲಿ. ಮಧ್ಯಾಹ್ನ ಹನ್ನೆರಡಕ್ಕೆ ಮೂವತ್ತೊಂದು ಕುತ್ತಿಗೆವರೆಗೂ ತುಂಬಿದ್ದವು. ಬೆಳಿಗ್ಗೆ ತುಂಬಿದ್ದು ಹಾಗೇ. ಅಂದರೆ ಮರೆವು ಅಲ್ಲ. ಬಾಟಲಿ ಕಣ್ಣೆದುರಿಗೇ ಇದೆ.

ಇನ್ನೊಂದು — ಕೆಂಪು ಕಾರ್ಡು. ಮುನೀಶನ ಮೇಜಿನ ಪಕ್ಕ ಮೊಳೆಗೆ ಎರಡು ಕಾರ್ಡು ನೇತು ಹಾಕಿದ್ದಾರೆ. ಟಾಯ್ಲೆಟ್‌ಗೆ ಹೋಗುವವರು ಎದ್ದು, ಎಲ್ಲರ ಮುಂದೆ ನಡೆದು ಹೋಗಿ, ಕಾರ್ಡು ಕುತ್ತಿಗೆಗೆ ಹಾಕಿಕೊಳ್ಳಬೇಕು. ಹೋದ ಟೈಮು, ಬಂದ ಟೈಮು ಬೋರ್ಡಿನ ಮೇಲೆ. ನಲವತ್ತು ಜನಕ್ಕೆ ಎರಡು ಕಾರ್ಡು!

ಸಿಕ್ಕಿತು. ಇದೇ.

ಜೂನ್ 19, ಗುರುವಾರ

ವೆಂಕಟಲಕ್ಷ್ಮಿಯನ್ನು ಹೊಸೂರಿನ ಆಸ್ಪತ್ರೆಗೆ ಸೇರಿಸಿ ಬಂದೆ. ಕೆಲಮಂಗಲದ ಹುಡುಗಿ, ಇಪ್ಪತ್ತೆರಡು ವಯಸ್ಸು, ಮೂರನೇ ಲೈನು. ಕೆಲಸ ಮಾಡುತ್ತಲೇ ಚಳಿ ಬಂದು ಹಲ್ಲು ಕಟಕಟ. ಜ್ವರ ನೂರಾ ಮೂರು. ಸೋಂಕು ಕಿಡ್ನಿಗೆ ಹತ್ತಿದೆ ಅಂದರು ಡಾಕ್ಟರು.

ಆಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದುಕೊಂಡೇ ಇದ್ದಳು. 'ಸಿಸ್ಟರ್, ನಮ್ಮಮ್ಮಂಗೆ ಫೋನ್ ಮಾಡ್ಬೇಡಿ. ಕೆಲ್ಸ ಬಿಡು ಅಂತಾಳೆ.'

ಅವಳ ಹೆಸರು ನನ್ನ ರಿಜಿಸ್ಟರಿನಲ್ಲಿ ಮೂರು ಸಲ ಇದೆ. ಮೂರು ಸಲವೂ ನನ್ನದೇ ಅಕ್ಷರ: 'ನೀರು ಕುಡಿಯಲು ತಿಳಿಸಲಾಗಿದೆ.'

ಜೂನ್ 21, ಶನಿವಾರ

ಕ್ಲಾಸಿನಲ್ಲಿ ಮುರಳಿಕೃಷ್ಣ ಸರ್‌ಗೆ ಎಲ್ಲ ಹೇಳಿದೆ. ಕಾರ್ಡಿನ ವಿಷಯ ಕೇಳಿ ಹುಬ್ಬೇರಿಸಿದರು. 'ಕಾರ್ಡೇ ಕಾರಣ ಅಂತ ನಿಮಗೆ ಅನ್ಸುತ್ತೆ. ಇರಬಹುದು. ತೆಗೆದು ನೋಡಿ. ಆದ್ರೆ ಒಂದೇ ಲೈನಲ್ಲಿ. ಅದೇ ಥರದ ಇನ್ನೊಂದು ಲೈನ್ ಹಾಗೇ ಇರಲಿ. ಆಗ ಹೋಲಿಸಬಹುದು.'

ಹಾಗೇ ಬಿಡಲು ಐದನೇ ಲೈನು ಸರಿ. ಅದೇ ಕೆಲಸ, ಅಷ್ಟೇ ಜನ. ಅವರ ಟಾಯ್ಲೆಟ್ ಕಟ್ಟಡದ ಆ ಕಡೆ, ಬೇರೆ.

ನಾನು, ರಮಾದೇವಿ, ಪ್ರಯೋಗ ಮಾಡುತ್ತೇನೆ! ಮನೆಗೆ ಬಂದು ಗಂಡ ಮುನೀಂದ್ರನಿಗೆ ಹೇಳಿದರೆ, 'ಮೊದ್ಲು ಮುದ್ದೆ ಮಾಡೋ ಪ್ರಯೋಗ ಆಗ್ಲಿ, ಹೊಟ್ಟೆ ಹಸೀತೈತೆ' ಅಂದ. ಆದರೂ ಪೂರ್ತಿ ಕೇಳಿದ. ಒಳ್ಳೆಯ ಗಂಡ.

ಜೂನ್ 24, ಮಂಗಳವಾರ

ಶ್ರೀನಿವಾಸ್ ಸರ್ ಒಪ್ಪಿದರು!! ಸುಲಭವಾಗಿ ಅಲ್ಲ. 'ಕಾರ್ಡ್ ತೆಗೆದ್ರೆ ಎಲ್ಲಾ ಹೋಗಿ ಹರಟೆ ಹೊಡೀತಾರಮ್ಮ' ಅಂದರು. ನಾನು ರಜೆಯ ಲೆಕ್ಕ ಮುಂದಿಟ್ಟೆ. ಉರಿಮೂತ್ರ, ಜ್ವರ ಅಂತ ಮೂರನೇ ಲೈನು ಮೇ ತಿಂಗಳಲ್ಲಿ ಕಳೆದುಕೊಂಡದ್ದು ಎಲ್ಲರ ರಜೆ ಸೇರಿಸಿ ಮೂವತ್ನಾಲ್ಕು ದಿನ. ಅದನ್ನು ಎರಡು ಸಲ ಓದಿದರು.

ನಾಲ್ಕು ವಾರ. ಪ್ರೊಡಕ್ಷನ್ ಇಳಿದರೆ ಅವತ್ತೇ ಬಂದ್. ಸರಿ ಸರ್, ಸರಿ ಸರ್ ಅಂತ ಹೊರಗೆ ಬಂದೆ. ಮೆಟ್ಟಿಲು ಎರಡೆರಡು ಹಾರಿದೆ.

ಜುಲೈ 1, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ಕಾರ್ಡು ಮೊಳೆಯಿಂದ ತೆಗೆದೆವು. ಬೋರ್ಡು ಒರೆಸಿದೆವು. ಯಾರಿಗೆ ಬೇಕೋ ಅವರು ಎದ್ದು ಹೋಗಬಹುದು, ಹೇಳಬೇಕಾಗಿಲ್ಲ ಅಂದೆ. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಪ್ಪಾಳೆ ಬೀಳುತ್ತೆ ಅಂದುಕೊಂಡಿದ್ದೆ. ಬೀಳಲಿಲ್ಲ. ಪರವಾಗಿಲ್ಲ. ನಾಳೆಯಿಂದ ನೋಡಿ!

ಜುಲೈ 9, ಬುಧವಾರ

ಎಂಟು ದಿನದಿಂದ ಬರೆದಿಲ್ಲ. ಬರೆಯಲು ಏನಿದೆ?

ಹನ್ನೆರಡು ಗಂಟೆಗೆ ತುಂಬಿದ ಬಾಟಲಿ: ಇಪ್ಪತ್ತೊಂಬತ್ತು. ಉರಿಮೂತ್ರ ಈ ವಾರ ನಾಲ್ಕು. ಐದನೇ ಲೈನಿನಲ್ಲೂ ನಾಲ್ಕು.

ಏನೂ ಬದಲಾಗಿಲ್ಲ. ಕಾರ್ಡು ಅಲ್ಲ. ಅಥವಾ ಕಾರ್ಡೊಂದೇ ಅಲ್ಲ.

ಸೋಮವಾರ ಒಂದು ಫಾರಂ ಕೊಟ್ಟಿದ್ದೆ, 'ನೀರು ಕುಡಿಯದಿರಲು ಕಾರಣ' ಅಂತ. ಆರು ಕಾರಣ ಬರೆದು ಪಕ್ಕದಲ್ಲಿ ಬಾಕ್ಸು. ಇಪ್ಪತ್ತಾರು ಜನ ಟಿಕ್ ಹಾಕಿದ್ದು: 'ಮರೆತು ಹೋಗುತ್ತದೆ.' ಕಣ್ಣೆದುರಿಗಿರುವ ಬಾಟಲಿಯನ್ನು!

ಮುರಳಿಕೃಷ್ಣ ಸರ್‌ಗೆ ಫೋನ್ ಮಾಡಿದೆ. ಅಳು ಬರುವ ಹಾಗಿತ್ತು. ಅವರು ಎರಡೇ ಪ್ರಶ್ನೆ ಕೇಳಿದರು.

'ಯಾವ ಭಾಷೇಲಿ ಕೇಳಿದ್ರಿ?'

'ತಮಿಳು ಫಾರಂ ಸರ್.' ಹುಡುಗಿಯರು ಮನೆಯಲ್ಲಿ ಆಡುವುದು ಕನ್ನಡ.

'ಆ ಆರು ಕಾರಣ ಬರೆದಿದ್ದು ಯಾರು?'

ನಾನೇ. ಎಲ್ಲ ಆರೂ ನಾನೇ. ಅವರ ಕಾರಣಕ್ಕೆ ಬಾಕ್ಸೇ ಇರಲಿಲ್ಲ.

ಜುಲೈ 10, ಗುರುವಾರ

ಸಿಕ್ಕಿತು. ಈ ಸಲ ನಿಜವಾಗಿ ಸಿಕ್ಕಿತು. ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ, ಕುಣಿಯಲಿ.

ಊಟದ ಹೊತ್ತಿಗೆ ಕ್ಲೀನಿಂಗ್ ಮಾಡುವ ಕನಕಮ್ಮ ಕಾಲಿಗೆ ಬ್ಯಾಂಡೇಜ್ ಹಾಕಿಸಿಕೊಳ್ಳಲು ಬಂದಳು. ಉದ್ದನಪಲ್ಲಿಯವಳು, ಐವತ್ತು ದಾಟಿದೆ, ಫ್ಯಾಕ್ಟರಿ ಶುರುವಾದಾಗಿನಿಂದ ಇದ್ದಾಳೆ. ನನ್ನ ಮುಖ ನೋಡಿ ಕೇಳಿದಳು.

'ಯಾಕ್ ಸಿಸ್ಟರಮ್ಮ, ಮಕ ಹಿಂಗ್ ಮಾಡ್ಕಂಡಿದೀಯಾ?'

ಹೇಳಿಕೊಂಡೆ. ಕಾರ್ಡು ತೆಗೆಸಿದರೂ ಹುಡುಗಿಯರು ನೀರು ಕುಡಿಯುವುದಿಲ್ಲ ಕನಕಕ್ಕ, ಯಾಕೋ ಗೊತ್ತಾಗುತ್ತಿಲ್ಲ ಅಂದೆ.

'ಅಯ್ಯೋ, ಬಾತ್ರೂಮ್ ಬಾಗ್ಲಿಗೆ ಚಿಲ್ಕಾನೇ ಇಲ್ವಲ್ಲಮ್ಮ.'

ಬ್ಯಾಂಡೇಜ್ ಸುತ್ತುವುದು ಬಿಟ್ಟು ತಲೆಯೆತ್ತಿದೆ.

'ನಾಕ್ ಬಾಗ್ಲೂ ಅಷ್ಟೇ. ನೀರ್ ಬಿದ್ದೂ ಬಿದ್ದೂ ಹಲಗೆ ಕೊಳ್ತೋಗೈತೆ, ಸ್ಕ್ರೂ ನಿಲ್ಲಕಿಲ್ಲ. ಒಬ್ಳು ಒಳಗೆ ಹೋದ್ರೆ ಇನ್ನೊಬ್ಳು ಈಚೆ ಬಾಗ್ಲು ಹಿಡ್ಕಂಡ್ ನಿಂತ್ಕಬೇಕು. ಅದ್ಕೇ ಜೋಡಿ ಹೋಗೋದು. ಇಬ್ರು ಎದ್ರೆ ಎರಡ್ ಸೀಟ್ ಕೆಲ್ಸ ಗುಡ್ಡೆ ಬೀಳ್ತೈತೆ. ಪಕ್ಕದೋಳ್ನ ದಿನಾ ಎಷ್ಟ್ ಸಲ ಕರೀತಾರೆ? ನೀರ್ ಕುಡೀದಿದ್ರೇ ವಾಸಿ ಅಂತ ಕುಂತ್ಕಂಬುಡ್ತವೆ.'

'ಒಬ್ಬಳೇ ಹೋದರೆ?'

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. 'ಹೋದ್ ವರ್ಸ ಒಂದ್ ಹೆಣ್ಣು ಒಬ್ಳೇ ಹೋಗಿತ್ತು. ಆ ಮುಂದ್ಗಡೆನೇ ಅಲ್ವಾ ಟ್ರಾಲಿ ತಳ್ಕಂಡ್ ಗಂಡಸ್ರು ಓಡಾಡೋದು? ಬಾಗ್ಲು ತಂತಾನೇ ತಕ್ಕಂಬುಡ್ತು. ಮಾರ್ನೇ ದಿನದಿಂದ ಆ ಹೆಣ್ಣು ಕೆಲ್ಸಕ್ಕೇ ಬರ್ಲಿಲ್ಲ.'

'ಇಷ್ಟು ದಿನ ಯಾಕೆ ಹೇಳಲಿಲ್ಲ ಕನಕಕ್ಕ?'

'ಯಾರ್ ಕೇಳಿದ್ರು?' ಅಂದಳು. ಕೋಪದಿಂದಲ್ಲ. ನಿಜವಾಗಿ ಯಾರಾದರೂ ಕೇಳಿದ್ದರಾ ಅಂತ ನೆನಪು ಮಾಡಿಕೊಳ್ಳುವವಳ ಹಾಗೆ.

ಹೋಗಿ ನೋಡಿದೆ. ನಾಲ್ಕು ಬಾಗಿಲು. ಚಿಲಕ ಇದ್ದ ಜಾಗದಲ್ಲಿ ತೂತು. ಒಂದರಲ್ಲಿ ವೇಲು ಹರಿದು ಕಟ್ಟಿದ್ದಾರೆ. ಐದನೇ ಲೈನಿನ ಕಡೆಯೂ ಹೀಗೇ ಅಂತೆ; ಹೋಲಿಕೆಗೆ ಸದ್ಯ ಅದು ಹಾಗೇ ಇರಲಿ. ಮೂರು ವರ್ಷದಲ್ಲಿ ಒಂದು ದಿನವೂ ಆ ಟಾಯ್ಲೆಟ್ಟಿಗೆ ನಾನು ಹೋಗಿಲ್ಲ. ಸ್ಟಾಫ್‌ಗೆ ಬೇರೆ ಇದೆ. ಬೀಗದ ಕೈ ನನ್ನ ಬ್ಯಾಗಿನಲ್ಲೇ ಇರುತ್ತೆ.

ನಾಚಿಕೆ ಆಯಿತು. ಆದರೂ ಸಂತೋಷ ತಡೆಯಲಾಗುತ್ತಿಲ್ಲ — ಚಿಲಕ! ಬರೀ ಚಿಲಕ!

ಜುಲೈ 11, ಶುಕ್ರವಾರ

ಮೇಂಟೆನೆನ್ಸ್‌ನವರು ವರ್ಕ್ ಆರ್ಡರ್ ಬೇಕು ಅಂದರು. ಎಷ್ಟು ದಿನ? 'ಮೂರು ವಾರ ಆಗುತ್ತೆ ಸಿಸ್ಟರ್, ಬಾಗಿಲೇ ಬದಲಾಯಿಸಬೇಕು.' ನನ್ನ ಪ್ರಯೋಗಕ್ಕೆ ಉಳಿದಿರುವುದು ಎರಡೂವರೆ ವಾರ.

ಸಂಜೆ ಬಾಗಲೂರಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ.

ಜುಲೈ 13, ಭಾನುವಾರ

ಮಾಡಿಬಿಟ್ಟೆವು.

ನಿನ್ನೆ ಕ್ಲಾಸಿಂದ ಬಂದ ಮೇಲೆ ಮುನೀಂದ್ರ ಚಿಲಕ ಹಾಕುವುದು ಹೇಳಿಕೊಟ್ಟ. ಕಲಿಯಲು ನಮ್ಮ ಬಚ್ಚಲಮನೆ ಬಾಗಿಲೇ ಸಿಕ್ಕಿದ್ದು, ಹಾಗಾಗಿ ಈಗ ಅದಕ್ಕೆ ಎರಡು ಚಿಲಕ. ಅತ್ತೆ ಒಳಗೆ ಹೋಗಿ ಎರಡನ್ನೂ ಹಾಕಿಕೊಂಡು, ಯಾವುದು ತೆಗೆಯಬೇಕೋ ಗೊತ್ತಾಗದೆ ಕೂಗಾಡಿದರು.

'ಕೊಳ್ತಿರೋ ಜಾಗದಲ್ಲಿ ಹಾಕ್ಬೇಡ. ಒಂದ್ ಗೇಣು ಮೇಲೆ ಗಟ್ಟಿ ಮರ ಇರ್ತದೆ, ಬೆರಳಲ್ಲಿ ಬಡ್ದು ನೋಡು' ಅಂದ.

ಇವತ್ತು ಫ್ಯಾಕ್ಟರಿಯಲ್ಲಿ ಅರ್ಧ ಶಿಫ್ಟು. ನನಗೂ ಕನಕಕ್ಕನಿಗೂ ಡ್ಯೂಟಿ. ಅವಳು ಬಾಗಿಲು ಒತ್ತಿ ಹಿಡಿದಳು, ನಾನು ಸ್ಕ್ರೂ ತಿರುಗಿಸಿದೆ. ಅಂಗೈಯಲ್ಲಿ ಬೊಬ್ಬೆ. ನಾಲ್ಕನೆಯದು ಮುಗಿದಾಗ ಕನಕಕ್ಕ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. 'ಈಗ ತಳ್ಳಮ್ಮ!' ತಳ್ಳಿದೆ. ಭುಜ ಕೊಟ್ಟು ತಳ್ಳಿದೆ. ಅಲ್ಲಾಡಲಿಲ್ಲ. ಒಳಗಿನಿಂದ ನಗು. ನಾನೂ ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ.

ಜುಲೈ 14, ಸೋಮವಾರ

ಯಾರಿಗೂ ಹೇಳಬಾರದು ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಒಂಬತ್ತೂಕಾಲಿಗೆ ಇಬ್ಬರು ಜೋಡಿ ಎದ್ದು ಹೋದರು. ಹತ್ತಕ್ಕೆ ಅವರಲ್ಲೊಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಪಕ್ಕದವಳು ಒಬ್ಬಳೇ ಎದ್ದಳು. ಒಬ್ಬಳೇ! ಆಮೇಲೆ ಪಿಸುಮಾತು ಲೈನಿನ ತುದಿವರೆಗೂ ಹರಿದು ಹೋದದ್ದು ಕಣ್ಣಿಗೇ ಕಂಡಿತು.

ಹನ್ನೆರಡಕ್ಕೆ ತುಂಬಿದ ಬಾಟಲಿ: ಇಪ್ಪತ್ತೆರಡು.

ವೆಂಕಟಲಕ್ಷ್ಮಿ ಇವತ್ತೇ ಕೆಲಸಕ್ಕೆ ವಾಪಸ್ ಬಂದಳು. ತೆಳ್ಳಗಾಗಿದ್ದಾಳೆ. ಅಮ್ಮನ ಜೊತೆ ಜಗಳವಾಡಿಕೊಂಡು ಬಂದಳಂತೆ. ನನ್ನ ರೂಮಿನ ಬಾಗಿಲಲ್ಲಿ ನಿಂತು, 'ಸಿಸ್ಟರ್, ಚಿಲ್ಕ ನೀವೇ ಹಾಕಿದ್ದಂತೆ?' ಅಂದಳು. ಯಾರು ಹೇಳಿದರು ಅಂದರೆ ನಕ್ಕು ಓಡಿದಳು. ಕನಕಕ್ಕನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಜುಲೈ 16, ಬುಧವಾರ

ಮೆಮೋ ಬಂತು. 'ಅನುಮತಿಯಿಲ್ಲದೆ ಕಂಪನಿ ಆಸ್ತಿಯಲ್ಲಿ ಬದಲಾವಣೆ.' ಮೂರು ದಿನದೊಳಗೆ ವಿವರಣೆ ಕೊಡಬೇಕು.

ಶ್ರೀನಿವಾಸ್ ಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. 'ನಿಮ್ಮ ಕಾಂಟ್ರ್ಯಾಕ್ಟ್ ಆಗಸ್ಟಿಗೆ ರಿನ್ಯೂವಲ್, ಗೊತ್ತಲ್ವಾ?' ಅಂದರು, ಅಷ್ಟೆ.

ಕನಕಮ್ಮನ ಹೆಸರು ಬರೆಯಲಿಲ್ಲ. 'ನಾನೊಬ್ಬಳೇ ಹಾಕಿದೆ' ಅಂತ ಬರೆದುಕೊಟ್ಟೆ. ಭಯ ಇದೆ. ಕೆಲಸ ಹೋದರೆ ಮತ್ತೆ ಯಾವ ಆಸ್ಪತ್ರೆಯ ಡ್ಯೂಟಿಯೋ ಏನೋ.

ಹನ್ನೆರಡಕ್ಕೆ ತುಂಬಿದ ಬಾಟಲಿ: ಹದಿನಾಲ್ಕು. ಭಯದಲ್ಲೂ ಎಣಿಸಿದೆ.

ಜುಲೈ 24, ಗುರುವಾರ

ಮೂರನೇ ಲೈನಿನಿಂದ ಆರು ದಿನದಲ್ಲಿ ಒಂದೂ ಉರಿಮೂತ್ರದ ಕೇಸಿಲ್ಲ. ಒಂದೂ! ಐದನೇ ಲೈನಿನಿಂದ ಮೂರು. ತುಂಬಿದ ಬಾಟಲಿ ಮೂರನೇ ಲೈನಿನಲ್ಲಿ ಏಳು, ಐದನೆಯದರಲ್ಲಿ ಇಪ್ಪತ್ತೆಂಟು. ರಿಜಿಸ್ಟರು ಎರಡು ಸಲ ತಿರುವಿದೆ, ತಪ್ಪು ಮಾಡಿಲ್ಲ ತಾನೇ ಅಂತ.

ಇನ್ನೂ ದೊಡ್ಡ ಸುದ್ದಿ. ಮುನೀಶ್ ಪ್ರೊಡಕ್ಷನ್ ಶೀಟು ಹಿಡಿದುಕೊಂಡು ತಾನಾಗಿಯೇ ಶ್ರೀನಿವಾಸ್ ಸರ್ ಹತ್ತಿರ ಹೋಗಿದ್ದಾನೆ. ಇಳಿದಿಲ್ಲ, ಸ್ವಲ್ಪ ಏರಿದೆ. ಆಮೇಲೆ ನನ್ನ ರೂಮಿಗೂ ಬಂದ. ಕನಕಮ್ಮ ನೆಲ ಒರೆಸುತ್ತಿದ್ದಳು.

'ಸಿಸ್ಟರ್, ಜೋಡಿ ಜೋಡಿ ಎದ್ದು ಹೋಗೋದೇ ನಿಂತ್ಹೋಯ್ತು. ಇಷ್ಟ್ ದಿನ ಹರಟೆ ಹೊಡಿಯಾಕ್ ಹೋಗ್ತಾರೆ ಅನ್ಕಂಡಿದ್ದೆ.'

ಕನಕಮ್ಮ ಸೊಂಟ ನೆಟ್ಟಗೆ ಮಾಡಿದಳು. ಇಬ್ಬರೂ ಒಂದೇ ಊರಿನವರು, ಎತ್ತಿ ಆಡಿಸಿದ ಹುಡುಗ. 'ಬಾಗ್ಲು ಹಿಡ್ಕಂಡ್ ಹರಟೆ ಹೊಡೀತಾರೇನ್ಲಾ? ಅಕ್ಕ-ತಂಗೀರು ಅನ್ಕಂಡು ಆ ಐಕ್ಳನ್ನ ಕೇಳಿದ್ರೆ ಅವತ್ತೇ ಹೇಳ್ತಿರ್ಲಿಲ್ವೇನ್ಲಾ?'

ಮುನೀಶ್ ತಲೆ ಕೆರೆದುಕೊಂಡ. 'ತಪ್ಪಾಯ್ತು ಕನಕಕ್ಕ' ಅಂದ. ಅವನ ಬಾಯಲ್ಲಿ ಅದನ್ನು ನಾನು ಕೇಳಿದ್ದು ಇದೇ ಮೊದಲು.

ಜುಲೈ 28, ಸೋಮವಾರ

ನನ್ನ ಪ್ರಯೋಗ ಹಾಳಾಯಿತು. ಎಷ್ಟು ಚೆನ್ನಾಗಿ ಹಾಳಾಯಿತು ಅಂದರೆ!

ಬೆಳಿಗ್ಗೆ ನೋಡಿದರೆ ಐದನೇ ಲೈನಿನ ಹೆಣ್ಣುಮಕ್ಕಳು ಕಟ್ಟಡ ದಾಟಿ ಮೂರನೇ ಲೈನಿನ ಟಾಯ್ಲೆಟ್ಟಿಗೆ ಬರುತ್ತಿದ್ದಾರೆ. ಸಾಲು ನಿಂತಿದ್ದಾರೆ. ನೀವು ಹೀಗೆ ಬಂದರೆ ಹೋಲಿಕೆ ಹೇಗೆ ಮಾಡಲಿ ಅಂತ ಕೇಳಿದೆ. ಒಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: 'ಅವ್ರಿಗ್ ಚಿಲ್ಕ, ನಮಗ್ ಹೋಲಿಕೆನಾ ಸಿಸ್ಟರ್?'

ದಾರಿ ಬಿಟ್ಟೆ. ಮುರಳಿಕೃಷ್ಣ ಸರ್‌ಗೆ ಫೋನ್ ಮಾಡಿದರೆ ಬಿದ್ದು ಬಿದ್ದು ನಕ್ಕರು. 'ಹಾಗೇ ಬರೀರಿ. ತಾರೀಖು ಹಾಕಿ ಬರೀರಿ. ಎರಡು ವಾರ ಅವರನ್ನ ಕಾಯಿಸಿದ್ದು ತಪ್ಪಾಯ್ತು ಅಂತಾನೂ ಬರೀರಿ, ನನ್ನ ಹೆಸರು ಸೇರಿಸಿ.' ಆಮೇಲೆ ಅಂದರು, 'ಶನಿವಾರ ಎಲ್ಲರೂ ತಮ್ಮ ಕೆಲಸ ಹೇಳಬೇಕು. ಕನಕಮ್ಮನ್ನೂ ಕರ್ಕೊಂಡು ಬನ್ನಿ.'

ಜುಲೈ 30, ಬುಧವಾರ

ಮೀಟಿಂಗ್ ಹದಿನೈದೇ ನಿಮಿಷ. ಶ್ರೀನಿವಾಸ್ ಸರ್ ವರ್ಕ್ ಆರ್ಡರಿಗೆ ಸೈನು ಹಾಕಿದರು — ಫ್ಯಾಕ್ಟರಿಯ ಅಷ್ಟೂ ಹೆಂಗಸರ ಟಾಯ್ಲೆಟ್ಟಿಗೆ ಹೊಸ ಬಾಗಿಲು, ಹೊಸ ಚಿಲಕ. ಟ್ರಾಲಿಗೆ ಬೇರೆ ದಾರಿ. ಕೆಂಪು ಕಾರ್ಡು ಎಲ್ಲ ಲೈನಿನಲ್ಲೂ ಬಂದ್.

'ಮೆಮೋ ಸರ್?'

'ಅದು ಫೈಲಲ್ಲಿ ಇರುತ್ತಮ್ಮ. ತೆಗೆಯೋಕಾಗಲ್ಲ.' ಆಮೇಲೆ ಇನ್ನೊಂದು ಕಾಗದ ನನ್ನ ಕಡೆ ತಳ್ಳಿದರು. ರಿನ್ಯೂವಲ್. ಎರಡು ವರ್ಷ.

ಕ್ಯಾಂಟೀನಿಗೆ ಹೋಗಿ ಪೋಸ್ಟರು ಕಿತ್ತೆ. ಗೋಡೆಯಿಂದ ಸುಲಭವಾಗಿ ಬಂತು.

ಆಗಸ್ಟ್ 2, ಶನಿವಾರ. ಹನ್ನೊಂದೂವರೆ

ಕೃಷ್ಣಗಿರಿ. ಹಾಲ್‌ನಲ್ಲಿ ಕೂತೇ ಬರೆಯುತ್ತಿದ್ದೇನೆ. ನನ್ನ ಹತ್ತು ನಿಮಿಷ ಮುಗಿಯಿತು.

ಕೊನೆಯಲ್ಲಿ ಮುಂದಿನ ಸಾಲಿನ ದೊಡ್ಡ ಡಾಕ್ಟರೊಬ್ಬರು ತಮಿಳಿನಲ್ಲಿ ಕೇಳಿದರು: 'ಚಿಲಕ ಹಾಕಿದ್ದೀರಿ, ಸಂತೋಷ. ಇದರಲ್ಲಿ ಸಂಶೋಧನೆ ಎಲ್ಲಿದೆ?' ಮುರಳಿಕೃಷ್ಣ ಸರ್ ಏನಾದರೂ ಹೇಳುತ್ತಾರೆ ಅಂತ ನೋಡಿದೆ. ಅವರು ಹಿಂದಿನ ಸಾಲು ನೋಡುತ್ತಿದ್ದರು.

ಕನಕಕ್ಕ ಎದ್ದು ನಿಂತಿದ್ದಳು. ಹಸಿರು ಸೀರೆ, ತಲೆ ತುಂಬ ಕನಕಾಂಬರ. ಮುಂದೆ ಬಂದಳು. ಮೈಕು ಕೊಟ್ಟರೆ ಬೇಡ ಅಂತ ಮೇಜಿನ ಮೇಲಿಟ್ಟಳು. ಆ ಡಾಕ್ಟರನ್ನೇ ನೋಡುತ್ತಾ, ಕನ್ನಡದಲ್ಲೇ —

'ಚಿಲ್ಕ ಒಂದೇ ಅಲ್ಲ ಸಾರ್. ಆ ಹೆಣ್ ಐಕ್ಳು ಹುಷಾರಿಲ್ದಂಗ್ ಆಗಾಕೆ ಇನ್ನೂ ಮೂರ್ ವಿಸ್ಯ ಐತೆ. ಏಳ್ ವರ್ಸದಿಂದ ಕಂಡಿವ್ನಿ. ಹೇಳ್ತೀನಿ, ಬರ್ಕಳಿ.'

ಮುರಳಿಕೃಷ್ಣ ಸರ್ ಅದನ್ನೇ ತಮಿಳಿನಲ್ಲಿ ಹೇಳಿದರು. ಹಾಲ್ ತುಂಬ ಪುಟ ತಿರುವುವ ಸದ್ದು. ಡಾಕ್ಟರು ಕೂಡ ಜೇಬಿನಿಂದ ಪೆನ್ನು ತೆಗೆದರು. ನನಗೂ ಗೊತ್ತಿಲ್ಲ ಆ ಮೂರು ಏನು ಅಂತ. ನನಗೂ ಹೇಳಿಲ್ಲ! ಶುರು ಮಾಡಿದಳು.

ಮೊದಲನೆಯದು —